ಕಟ್ಟಿದ ದೋಣಿ

ಮೊದಲು ಬೀಳುವುದನ್ನು ಕಲಿಸುತ್ತೇನೆ.
ಕಟ್ಟೆಯ ತುದಿಗೆ ನಿಲ್ಲಿಸಿ, ಜಾಕೆಟ್ಟಿನ ಪಟ್ಟಿಯನ್ನು
ತೊಡೆಸಂದಿಯಿಂದೆಳೆದು ಬಿಗಿದು,
ಹೆಗಲ ಬಳಿ ಹಿಡಿದು ಎತ್ತಿ ನೋಡುತ್ತೇನೆ:
ಮೇಲೆ ಬರಬೇಕಾದ್ದು ಮಗು,
ಬರಿಯ ಜಾಕೆಟ್ಟಲ್ಲ.
ಆಮೇಲೆ, "ಹೂಂ, ಬೀಳು."

ಓಕ್ಕೊ ಬಿದ್ದ, ಐದು ವರ್ಷದ ಬೆಣ್ಣೆಮುದ್ದೆ.
ನಮ್ಮ ಸೈಮಾ ಸರೋವರ ಜುಲೈಯಲ್ಲೂ
ಕಚಗುಳಿ ಇಡುವುದಿಲ್ಲ, ಕಚ್ಚುತ್ತದೆ.
ಮುಳುಗಿದ, ಎದ್ದ, ಕೆಮ್ಮಿದ,
ಕಣ್ಣು ಕಣ್ಣು ಬಿಟ್ಟ,
ತೇಲುತ್ತಿದ್ದೇನೆಂದು ತಾನೇ ಕಂಡುಕೊಂಡ.
"ಇನ್ನೊಂದ್ಸಲ, ಅತ್ತೆ!"
ಏಳು ಸಲ ಬಿದ್ದ.

ಅವನಕ್ಕನಿಗೆ ಒಂಬತ್ತು. ಹೆಸರು ತೂಲಿ,
ನಮ್ಮ ಮಾತಿನಲ್ಲಿ ಗಾಳಿ ಎಂದರ್ಥ.
ಬಿದ್ದದ್ದು ಒಂದೇ ಸಲ, ಮೂಗು ಹಿಡಿದುಕೊಂಡು,
ಪರೀಕ್ಷೆ ಬರೆದು ಮುಗಿಸಿದವಳ ಹಾಗೆ ಮೇಲೆ ಬಂದಳು.

ದೋಣಿ ನನಗಿಂತ ಎರಡು ವರ್ಷ ದೊಡ್ಡದು.
ಪ್ರತಿ ವಸಂತಕ್ಕೆ ಟಾರು ಬಳಿಯುತ್ತೇನೆ,
ಅದರ ವಾಸನೆ ಮಕ್ಕಳ ಕೂದಲಿಗಂಟಿ
ಶಾಲೆ ತೆರೆಯುವವರೆಗೂ ಹೋಗುವುದಿಲ್ಲ.
ತೂಲಿ ಮುಂದೆ, ಕೊರಳಲ್ಲಿ ಸೀಟಿ.
ಓಕ್ಕೊ ಹಿಂದೆ, ಕೈಯಲ್ಲಿ ಕಾಫಿಡಬ್ಬಿ:
ತಳದ ನೀರು ಮೊಗೆಯುವ ಅಧಿಕಾರಿ.
ದೋಣಿ ಸೋರದ ದಿನ
ಅವನು ಬರುವ ಮುಂಚೆ
ನಾನೇ ಎರಡು ಚೊಂಬು ಸುರಿದಿಡುತ್ತೇನೆ.
ಕೆಲಸವಿದ್ದ ಮಗು ಎದ್ದು ನಿಲ್ಲುವುದಿಲ್ಲ,
ಇಷ್ಟು ವರ್ಷದಲ್ಲಿ ನಾನು ಕಂಡುಹಿಡಿದದ್ದು
ಅದೊಂದೇ.

ಹೊರಟದ್ದು ಸೀಲ್ ಮಲಗುವ ಬಂಡೆಗೆ.
ಬುಟ್ಟಿಯಲ್ಲಿ ಏಲಕ್ಕಿ ಬನ್ನು, ಒಣ ಬಟ್ಟೆ, ಬಿಸಿ ರಸ.
"ಸೀಲ್ ನಮ್ಮನ್ನು ನೋಡಿದರೆ ಹೆದರುತ್ತದಾ?"
"ಹುಟ್ಟು ಸದ್ದು ಮಾಡದಿದ್ದರೆ ಇಲ್ಲ."
ಆಮೇಲೆ ಇಬ್ಬರೂ ಪಿಸುಮಾತು.
ಹುಟ್ಟಿನ ತುದಿಯಿಂದ ಹನಿಗಳು
ನೀರಿನ ಮೇಲೆ ಉಂಗುರ ಜೋಡಿಸುತ್ತ ಬಂದವು.

ಅರ್ಧ ದಾರಿಯಲ್ಲಿ, ಪಡುವಣದ ಕಡೆ,
ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದ ಹಾಗೆ
ನೀರು ಕಪ್ಪಾಯಿತು, ಒಂದು ಅಂಗೈಯಗಲ.
ಬಿಸಿಲಿತ್ತು. ಬಂಡೆ ಕಾಣುತ್ತಿತ್ತು.
ಬಂಡೆಯ ಮೇಲೊಂದು ದುಂಡನೆಯದೇನೋ
ಅಲುಗಿತು ಕೂಡ.

ದೋಣಿ ತಿರುಗಿಸಿದೆ.

ಓಕ್ಕೊ ಅತ್ತ. ಅಳುವಿಗೆ ಜಾಕೆಟ್ಟು ಏನು ಮಾಡೀತು.
ತೂಲಿ ಅಳಲಿಲ್ಲ, ಬೆನ್ನು ತೋರಿಸಿ ಕೂತು,
"ನಿಮಗೆ ಹೆದರಿಕೆ," ಎಂದಳು.
"ಹೌದು," ಎಂದೆ.
ಇನ್ನೇನೋ ಕೇಳುವವಳಿದ್ದಳು; ಉತ್ತರ ಇಷ್ಟು ಬೇಗ ಸಿಕ್ಕಿ
ಸುಮ್ಮನಾದಳು.

ನನ್ನಪ್ಪ ಜಾಕೆಟ್ಟಿನ ಮೇಲೆ ಕೂರುತ್ತಿದ್ದ.
ಒಳ್ಳೆಯ ಮೆತ್ತೆ, ಎನ್ನುತ್ತಿದ್ದ.
ಅದು ಈಗಲೂ ದೋಣಿಮನೆಯ ಮೊಳೆಯಲ್ಲಿದೆ,
ನಡುವೆ ಅವನ ಕೂತ ಗುರುತು.
ಮಕ್ಕಳಿಗೆ ಇಷ್ಟು ಹೇಳಿಲ್ಲ. ಇಲ್ಲೂ
ಇಷ್ಟು ಸಾಕು.

ದಡಕ್ಕೆ ಬಂದು ಹಗ್ಗ ಬಿಗಿಯುವಷ್ಟರಲ್ಲಿ
ಸರೋವರ ಪೂರ್ತಿ ಎದ್ದು ಕೂತಿತ್ತು, ನೊರೆ ಸಮೇತ.
ಇಳಿಯಲು ಇಬ್ಬರೂ ಒಪ್ಪಲಿಲ್ಲ.
ಸರಿ, ಕಟ್ಟಿದ ದೋಣಿಯಲ್ಲೇ
ಬನ್ನು ಮುರಿದೆವು.
ತೂಲಿ ಹುಟ್ಟು ಹಿಡಿದು ಹಗ್ಗದ ವಿರುದ್ಧ ಜಗ್ಗಿದಳು;
ದೋಣಿ ಮುಂದೆ ಹೋಯಿತು, ಹಿಂದೆ ಬಂತು,
ಕುಣಿಕೆ ಹಾಕಿದ ಕರುವಿನಂತೆ.
ಓಕ್ಕೊ ಮೊಗೆದೇ ಮೊಗೆದ,
ಮೊಗೆದದ್ದನ್ನು ಅಲೆ ಮತ್ತೆ ತಂದುಕೊಟ್ಟಿತು,
ಅಂಥ ಸುಖದ ನೌಕರಿ ಯಾರಿಗುಂಟು!
ನಾಲ್ಕು ಮೊಳದ ಹಗ್ಗದಲ್ಲಿ
ಸಂಜೆಯವರೆಗೆ ಸೀಲ್ ಬಂಡೆಗೆ
ಮೂರು ಸಲ ಹೋಗಿಬಂದೆವು.
ಒಂದು ಸಲ ಸೀಲ್ ನಾನೇ.

ಇಲ್ಲಿ ಬೇಸಿಗೆಯ ರಾತ್ರಿ ಕತ್ತಲಾಗುವುದನ್ನು ಮರೆತಿರುತ್ತದೆ.
ನಾಲ್ಕು ಗಂಟೆಗೆ ಯಾರೋ ಕಾಲ್ಬೆರಳು ಜಗ್ಗಿದರು.
ತೂಲಿ. ಜಾಕೆಟ್ಟು ತೊಟ್ಟಾಗಿದೆ, ಪಟ್ಟಿ ಬಿಗಿದಾಗಿದೆ.
"ನೀರು ಮಲಗಿದೆ, ಅತ್ತೆ. ಪಡುವಣವನ್ನೂ ನೋಡಿಬಂದೆ."

ಹೊರಗೆ, ಕಟ್ಟೆಯ ಮೇಲೆ,
ಓಕ್ಕೊ ಡಬ್ಬಿ ಹಿಡಿದು ಕಾಯುತ್ತಿದ್ದ.
ನಾನು ನನ್ನದನ್ನು ತೊಟ್ಟು ಗುಂಡಿ ಹಾಕುತ್ತಿದ್ದಂತೆ
ತುದಿಗಾಲಲ್ಲಿ ನಿಂತ ತೂಲಿ
ಎರಡೂ ಹೆಗಲು ಹಿಡಿದು
ನನ್ನನ್ನು ಎತ್ತಿ ನೋಡಿದಳು.