ಹೊಟ್ಟೆಗೆ ಹಾಕಿಕೊಳ್ಳುವುದು

ಸಿಸ್ಪ್ಲಾಟಿನ್ ಇಳಿಯುವ ಅರ್ಧ ಗಂಟೆ ಮೊದಲು
ಒಂದು ಮಾತ್ರೆ. ಮೆಕ್ಕೆಜೋಳದ ಕಾಳಿಗಿಂತ ಸಣ್ಣದು.
ಹೆಸರು ಕೇಳಿದ. ಒಂಡಾನ್ಸೆಟ್ರಾನ್, ಅಂದೆ.
ನಮ್ಮ ಲುವೊ ಮನೆಗಳಲ್ಲಿ ಗಂಡುಮಕ್ಕಳ ಹೆಸರೆಲ್ಲ
ಹೆಚ್ಚಾಗಿ ಒ-ದಿಂದಲೇ. ಒಗ್ವೆನೊ ನಕ್ಕ:
"ಹಾಗಾದರೆ ಸರೋವರದ ಕಡೆಯ ಹುಡುಗನೇ. ಕೊಡು."

ಕಿಸುಮುವಿನ ವಾರ್ಡಿನಲ್ಲಿ ಎಂಟು ಕುರ್ಚಿ,
ಎಂಟು ನೀಲಿ ಬಕೆಟ್ಟು,
ಕಿಟಕಿಯ ಮೂಲೆಯಲ್ಲಿ ಒಂದು ಚೂರು ನೀರು.
ನಲವತ್ತು ವರ್ಷ ಬಲೆ ಬೀಸಿದವನು,
ಬಿರುಗಾಳಿಯಲ್ಲೂ ಹೊಟ್ಟೆ ತೊಳಸದವನು
ಅಲುಗದ ಕುರ್ಚಿಯಲ್ಲಿ ಕೂತು
ಕರುಳು ಕಿತ್ತು ಬರುವಂತೆ ಕಾರಿದ.
ಮಾತ್ರೆ ಇದ್ದ ದಿನ ಕಡಿಮೆ. ಅಷ್ಟೇ ಹೇಳಬಲ್ಲೆ.

ಮೂರನೆಯ ಸಲ ಉಗ್ರಾಣದಲ್ಲಿ ಅದು ಮುಗಿದಿತ್ತು.
ಹೊರಗಿನ ಅಂಗಡಿಯ ಬೆಲೆ ಹೇಳಿದೆ.
ಅವನ ಹೆಂಡತಿ ಅಪೊಂಡಿ ನೋಟು ಎಣಿಸಿದಳು,
ಬಸ್ಸಿನ ದುಡ್ಡು ಬೇರೆ ಇಟ್ಟು
ಮತ್ತೆ ಎಣಿಸಿದಳು, ಹೆಚ್ಚಾಗಿರಬಹುದೇನೋ ಎಂಬಂತೆ.
ಆ ಸಂಜೆ ಮಟಾಟುವಿನಲ್ಲಿ ಹೋಮಾ ಬೇ ತನಕ
ಒಂದೇ ಪ್ಲಾಸ್ಟಿಕ್ ಚೀಲಕ್ಕೆ ನಾಲ್ಕು ಕೈ.
ಪಕ್ಕದ ಶಾಲೆಹುಡುಗ ಕಿಟಕಿ ಸೀಟು ಬಿಟ್ಟುಕೊಟ್ಟನಂತೆ.
"ಇನ್ನು ಬರಲ್ಲ" ಅಂದಿದ್ದ. ಬಂದ.
ಮಾತ್ರೆಯೂ ಬಂದಿತ್ತು. ಹೇಗೆ ಅನ್ನುವುದು
ರಿಜಿಸ್ಟರಿನಲ್ಲಿ ಬರೆಯುವ ಮಾತಲ್ಲ.

ಗಡ್ಡೆ ಕರಗಿತು. ಕಾಗದಕ್ಕೆ ಸೀಲು ಬಿತ್ತು.

ಎರಡು ವರ್ಷದ ಮೇಲೆ, ದುಂಗಾ ದಂಡೆಯಲ್ಲಿ
ಮೀನಿಗೆ ಚೌಕಾಶಿ ಮಾಡುತ್ತಿದ್ದೆ;
ಮೈಮೇಲೆ ಬಿಳಿ ಬಟ್ಟೆಯೂ ಇರಲಿಲ್ಲ.
"ಸಿಸ್ಟರ್!" ದೋಣಿಯಿಂದ ಎತ್ತಿದ ಕೈ,
ಮುಖದ ತುಂಬ ನಗು.
ನಗು ಅರ್ಧಕ್ಕೇ ನಿಂತಿತು. ಅಂಚಿಗೆ ಬಾಗಿದ.
ಬೆಳಗ್ಗೆ ಕುಡಿದ ಗಂಜಿಯೆಲ್ಲ ನೀರಿಗೆ.

ಇದನ್ನು ಓದಿದ್ದೆ, ಪರೀಕ್ಷೆಗೂ ಬರೆದಿದ್ದೆ:
ಆಸ್ಪತ್ರೆಯ ಗೇಟು, ಸ್ಪಿರಿಟ್ಟಿನ ವಾಸನೆ,
ಬಕೆಟ್ಟಿನ ಬಣ್ಣ ಕಂಡರೂ ಸಾಕು,
ಔಷಧಿಯಿಲ್ಲದೆಯೇ ವಾಂತಿ.
ನನ್ನ ಮುಖವೂ ಆ ಪಟ್ಟಿಯಲ್ಲಿದೆಯೆಂದು
ಪುಸ್ತಕ ಹೇಳಿರಲಿಲ್ಲ.
ಇದಕ್ಕೆ ಆ ಒ-ಹುಡುಗನೂ ಆಗಿಬರುವುದಿಲ್ಲ.

ಬಾಯಿ ಒರೆಸಿಕೊಂಡ. ಬಲೆಯ ಕಡೆ ನೋಡುತ್ತ ಅಂದ:
"ನಿನ್ನ ಕಂಡು ನನಗೆ ಸಂತೋಷವೇ.
ಈ ಹೊಟ್ಟೆಗೆ ತಿಳಿಯದು, ತಾಯಿ.
ಹೊಟ್ಟೆಗೆ ಹಾಕಿಕೋ."
ಹಾಕಿಕೊಂಡೆ. ಬೇಗ ಬೇಗ ಹೊರಟೆ,
ಗಾಳಿ ನನ್ನಿಂದ ಅವನ ಕಡೆಗೆ ಬೀಸುತ್ತಿತ್ತು.

ಮೇಟ್ರನ್‌ಗೆ ಹೇಳಿ
ಬಕೆಟ್ಟುಗಳನ್ನು ಹಸಿರು ಮಾಡಿಸಿದೆ.

ಈಗ ಕೆಲವು ಶನಿವಾರ ಒಬ್ಬ ಹುಡುಗ ಬಾಗಿಲು ತಟ್ಟುತ್ತಾನೆ.
ಹಳೇ ಪೇಪರಿನಲ್ಲಿ ಎರಡು ತಿಲಾಪಿಯ,
ಕಿವಿರು ಇನ್ನೂ ಕೆಂಪು.
ಯಾರು ಕೊಟ್ಟದ್ದೆಂದು ನಾನು ಕೇಳುವುದಿಲ್ಲ.
ಟೊಮೇಟೊ ಹಾಕಿ ಬೇಯಿಸಿ, ಒಬ್ಬಳೇ ಕೂತು,
ಮುಳ್ಳು ಬಿಡಿಸಿ ಬಿಡಿಸಿ
ತಲೆಯ ತನಕ ತಿನ್ನುತ್ತೇನೆ.