ಹೆಗ್ಗಣದ ಮರಿ

ಕೆ.ಆರ್. ಮಾರ್ಕೆಟ್ಟಿನ ಮೋರಿ ಚಪ್ಪಡಿ ಸಂದಿಯಿಂದ
ಮೊದಲು ಮೀಸೆ ಬಂತು,
ಆಮೇಲೆ ಮೂಗು,
ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ.

ನಾನು ಪೊರಕೆ ಎತ್ತಿಯೇ ನಿಂತಿದ್ದೆ.
ಹೋದ ವಾರ ಇದರ ಅಮ್ಮನೋ ಅತ್ತೆಯೋ
ಎರಡು ಮೂಟೆ ಸೇವಂತಿಗೆಗೆ ತೂತು ಹೊಡೆದು
ಸಾಲದ್ದಕ್ಕೆ ನನ್ನ ಚಪ್ಪಲಿ ಉಂಗುಟವನ್ನೂ ತಿಂದಿತ್ತು.

ಮರಿ ಹೊರಗೆ ಬಂತು. ಬೀದಿದೀಪದ ಕೆಳಗೆ
ಹಿಂಗಾಲ ಮೇಲೆ ಕೂತು
ಉದುರಿದ ಒಂದೇ ಒಂದು ಎಸಳನ್ನು
ಎರಡೂ ಕೈಲಿ ಹಿಡಿದು
ಹಪ್ಪಳ ಸಿಕ್ಕ ಹುಡುಗನ ಹಾಗೆ
ಅಂಚಿನಿಂದ ಕಡಿಯುತ್ತಾ ಬಂತು.
ನಡುವೆ ಒಂದು ಸೀನು.
ತನ್ನ ಸೀನಿಗೆ ತಾನೇ ಬೆಚ್ಚಿ
ಬಾಲದ ಮೇಲೆ ಕುಕ್ಕರಿಸಿತು.

"ಬಿತ್ತಾ ಏಟು?" ಎದುರಂಗಡಿಯಿಂದ ಪಿಳ್ಳಮುನಿಯಪ್ಪ.
"ಯಾವುದಕ್ಕೆ?" ಅಂದೆ.

ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ.
ನಾನು ಹೆತ್ತಿಲ್ಲ,
ಹೆಗ್ಗಣವನ್ನೂ, ಯಾರನ್ನೂ.
ಪೊರಕೆ ಇಳಿಸಿ ನೆಲ ಗುಡಿಸಿದೆ,
ಅದರ ಸುತ್ತ ಒಂದು ಗೇಣು ಬಿಟ್ಟು.

ಮೂಟೆಗಳನ್ನಂತೂ ಈಗ ಮೇಲಕ್ಕೆ ಕಟ್ಟುತ್ತೇನೆ.
ಚಪ್ಪಲಿಯನ್ನೂ.
ಒಂದೆರಡು ಎಸಳು ಮಾತ್ರ
ದಿನಾ ಅದೇ ಸಂದಿಯ ಹತ್ತಿರ
ಹೇಗೋ ಉದುರುತ್ತವೆ.