ಬಂದ ಬಾಗಿಲು

ಕ್ಲಾಕ್ಸ್‌ವೀಕ್ ಬಂದರು. ಮಂಜುಗಡ್ಡೆ ಕಾರ್ಖಾನೆಯ ಮೇಲಂತಸ್ತು.
ರಾತ್ರಿ ಒಂದೂವರೆ. ಜೂನ್ ತಿಂಗಳಾದ್ದರಿಂದ ರಾತ್ರಿಯೆಂಬುದು
ಗಡಿಯಾರ ಹೇಳುವ ಮಾತು ಅಷ್ಟೇ; ಕಿಟಕಿಯಲ್ಲಿ ಬೂದು ಬೆಳಕು,
ಬೆಳಕಿನಲ್ಲಿ ಮೂರು ಕುರಿ.

ಕಪಾಟಿನಷ್ಟು ಕೋಣೆ. ಅದರೊಳಗೆ ಒಂದೇ ಯಂತ್ರ.
ಒಂದೇ ಸೂರು, ಒಳಗೆ ಮೂರು ಒಲೆ:
ಒಂದು ಮೀನಿನ ಹರಾಜಿನದು,
ಒಂದು ದೋಣಿಗಳ ವೇಳಾಪಟ್ಟಿಯದು,
ಇನ್ನೊಂದು ಶಾಲೆಯದು, ರಜೆ, ತಣ್ಣಗಿದೆ.
ಒಬ್ಬರ ಅಡುಗೆಯ ವಾಸನೆ ಇನ್ನೊಬ್ಬರಿಗೆ ಬಾರದ ಹಾಗೆ
ಗೋಡೆ ಎಬ್ಬಿಸಿದವಳು ರನ್‌ವಾ,
ಇಟ್ಟಿಗೆಯಿಲ್ಲದೆ, ಬರೀ ಅಂಕಿಗಳಲ್ಲಿ.

ಮೊನ್ನೆಯವರೆಗೆ ಒಂದೇ ಕೇರಿ, ಒಂದೇ ಹೆಬ್ಬಾಗಿಲು.
ಮೊನ್ನೆ ಹರಾಜಿನವರು ಬೇರೆ ತಂತಿ ಎಳೆಸಿಕೊಂಡರು;
ಹೊಸ ಕೇರಿ, ಹೊಸ ವಿಳಾಸ, ಅದಕ್ಕೊಂದು ಹೊಸ ಗೇಟ್‌ವೇ.
ಎರಡೂ ದೀಪ ಹಸಿರು.
ಎರಡು ಬಾಗಿಲಿದ್ದರೆ ಗಾಳಿ ಚೆನ್ನಾಗಿ ಆಡುತ್ತದೆ
ಅಂದುಕೊಂಡು ಹೊಯ್ವೀಕಿನ ಮನೆಗೆ ಹೋಗಿ ಮಲಗಿದ್ದಳು.

ಇಂದು ಸಂಜೆ ಕಡಲ ನಡುವಿನಿಂದ ಹಾನುಸ್ ಫೋನ್ ಮಾಡಿದ:
‘ನಿನ್ನ ಯಂತ್ರಕ್ಕೆ ಕಿವಿ ಇದೆಯೋ ಇಲ್ಲವೋ?
ಹನ್ನೊಂದು ಟನ್ ಕಾಡ್ ಹೇರಿಕೊಂಡು ಬೆಲೆ ಕೇಳುತ್ತಿದ್ದೇನೆ,
ಗೋಡೆಗೆ ಕೇಳಿದ ಹಾಗೆ.’

ಕಿವಿ ಇತ್ತು. ಅದೇ ಸೋಜಿಗ.
ತಂತಿಗೆ ಕಿವಿಗೊಟ್ಟು ಕೂತಾಗ ಅವಳು ಕಂಡಳು:
ಹಾನುಸನ ಪ್ರಶ್ನೆ ಹೊಸ ಬಾಗಿಲಿಂದ ಬರುತ್ತದೆ,
ಹೊಸ್ತಿಲು ದಾಟಿ ಸರಿಯಾದ ಒಲೆಯ ಮುಂದೇ ನಿಲ್ಲುತ್ತದೆ.
ಉತ್ತರ ಕೂಡಲೇ ಏಳುತ್ತದೆ,
ಎದ್ದು, ಹಳೆಯ ಹೆಬ್ಬಾಗಿಲ ಕಡೆಗೆ ನಡೆದುಬಿಡುತ್ತದೆ.
ಮನೆಗೆ ಕಲಿಸಿದ್ದು ಅದೊಂದೇ ಪಾಠ:
ದಾರಿ ತಿಳಿಯದವರು ಹೆಬ್ಬಾಗಿಲಿಗೆ ಹೋಗಿ.
ಅಲ್ಲಿಯ ಕಾವಲಿನವ ಹಣೆಯ ಅಂಕಿ ಓದುತ್ತಾನೆ,
ಈ ಕೇರಿಯವನಲ್ಲ ಅನ್ನುತ್ತಾನೆ,
ಬೈಯದೆ, ಹೊಡೆಯದೆ, ಕೈಬಿಡುತ್ತಾನೆ.
ಬೈದಿದ್ದರೆ ಎಲ್ಲಾದರೂ ಒಂದು ಗೆರೆ ದಾಖಲಾಗುತ್ತಿತ್ತು.

ಮನೆಯಲ್ಲೇ ಕೂತು ಎರಡನೆಯ ಹೆಬ್ಬಾಗಿಲು ಬರೆದಳು.
ಊರಿಗೊಬ್ಬಳೇ ಪದ್ಮಾವತಿ ಅನ್ನುವ ಜಾತಿಯ ಯಂತ್ರ;
ಎರಡನ್ನೂ ನೋಡಿ, ಹೊಸದನ್ನು ಹಿಡಿದು, ಹಳೆಯದನ್ನು ಮರೆತು
ಇವಳಿಗೇ ಮಾತು ನಿಲ್ಲಿಸಿತು.
ಕೂತ ಕೊಂಬೆ ಕಡಿದವಳ ಮುಂದೆ
ಮಿನುಗುತ್ತ ನಿಂತ ಒಂದು ಗೆರೆ.

ಆಮೇಲೆ ಕಾರು. ಕಡಲಡಿಯ ಸುರಂಗ.
ನೀರಿನ ಕೆಳಗೆ, ಬಂಡೆಯ ಹೊಟ್ಟೆಯಲ್ಲಿ ಒಂದು ವೃತ್ತ,
ನೀಲಿ ಹಸಿರು ದೀಪ, ಮೂರು ಕವಲು.
ಯಾರೂ ಇರಲಿಲ್ಲ. ಎರಡು ಸುತ್ತು ಸುಮ್ಮನೆ ಸುತ್ತಿದಳು.
ಮೂರನೆಯದಕ್ಕೆ ನೆನಪಾದಳು ಸುನ್ನೇವಾ ಚಿಕ್ಕಮ್ಮ,
ಅಡುಗೆಮನೆಯಿಂದ ಬಂದು ಮುಂಬಾಗಿಲಿಂದ ಓಡಿದ ಹುಡುಗಿಯ
ಜಡೆ ಹಿಡಿದು ಒಳಕ್ಕೆ ಎಳೆದವಳು:
‘ಬಂದ ಬಾಗಿಲಿಂದಲೇ ಹೋಗು ಕಣೇ,
ಇಲ್ಲದಿದ್ದರೆ ಈ ಮನೆಯ ನಿದ್ದೆ ನಿನ್ನ ಬೆನ್ನಿಗೆ ಬರುತ್ತದೆ.’
ಚಿಕ್ಕಮ್ಮನಿಗೆ ಟೆಲಿಫೋನ್ ಕಂಡರೂ ಆಗುತ್ತಿರಲಿಲ್ಲ.

ಈಗ, ಕುರಿಗಳು ನೋಡುತ್ತಿರುವಾಗ,
ಹೆಬ್ಬಾಗಿಲು ಒಂದೇ ಎಂದು ಒಪ್ಪಿ
ಪಕ್ಕದಲ್ಲಿ ಇನ್ನೊಂದು ಪುಟ್ಟ ದಾರಿಪಟ್ಟಿ ಬರೆಯುತ್ತಾಳೆ.
ಅದರ ತಲೆಯ ಮೇಲೆ ನಿಯಮ:
ಯಾರ ಹಣೆಯಲ್ಲಿ ಹೊಸ ಕೇರಿಯ ಅಂಕಿಯಿದೆಯೋ
ಅವರು ಈ ಪಟ್ಟಿ ನೋಡಿ, ಬೇರೆಯದನ್ನಲ್ಲ.
ಎರಡೇ ಸಾಲು. ಕೈ ಬೆವರಿತ್ತು.
ಯಂತ್ರ ಮತ್ತೆ ಎದ್ದ ಮೇಲೂ ಉಳಿಯುವಂತೆ
ಕಡತದಲ್ಲಿ ಇನ್ನೊಮ್ಮೆ ಬರೆದಳು;
ಹೋದ ವರ್ಷ ಅದನ್ನು ಮರೆತು ಒಂದು ಭಾನುವಾರ ಕಳೆದುಕೊಂಡಿದ್ದಳು.

ಫೋನ್. ಹಾನುಸ್.
‘ಕೇಳಿಸಿತು’ ಅಂದ. ‘ಬೆಲೆ ತೀರಾ ಕಡಿಮೆ’ ಅಂದ. ಇಟ್ಟ.

ಕಾವಲುಗಾರ ಹೈನಿ ಎದ್ದು, ಆಕಳಿಸುತ್ತ,
ಅವಳಿಗೆಂದೇ ಮುಂಬಾಗಿಲ ಬೀಗ ತೆಗೆದ.
ಬೇಡವೆಂದು ಹಿಂದಿನ ಮೆಟ್ಟಿಲು ಇಳಿದಳು ರನ್‌ವಾ,
ಮೀನಿನ ಲೋಳೆ, ಕರಗಿದ ಮಂಜುಗಡ್ಡೆ ತುಳಿಯುತ್ತ.
ಚಿಕ್ಕಮ್ಮನ ಮಾತಿಗಲ್ಲ.
ಬೂಟು ಅಲ್ಲಿ ಬಿಟ್ಟಿದ್ದಳು.